ನೌಕೆಗೆ ಉಸಿರಿಲ್ಲ

ಈ ಕಥೆಯನ್ನು ತರಕಾರಿ ಅಂಗಡಿಯವನಿಂದ ಶುರುಮಾಡುವುದೇ ಒಳ್ಳೆಯದು. ಆ ಕಾಲದಲ್ಲಿ ಅಕ್ಕ ಅವನ ಅಂಗಡಿಗೆ ಹೋಗಿ "ಅರ್ಧ ಕೇಜಿ ಈರುಳ್ಳಿ" ಎಂದರೆ ಸಾಕು, ಕೂತಿದ್ದವನು ಎದ್ದು ನಿಲ್ಲುತ್ತಿದ್ದ. ತಕ್ಕಡಿಯನ್ನು ಎದೆಗೆ ಹಿಡಿದು "ಅಪ್ಪಣೆ, ನೌಕೆ!" ಎನ್ನುತ್ತಿದ್ದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಅಕ್ಕನೂ ಕಡಿಮೆಯವಳಲ್ಲ. "ಕೊಳೆತದ್ದು ಹಾಕಿದರೆ ಬಾಗಿಲು ತೆರೆದು ಬಾಹ್ಯಾಕಾಶಕ್ಕೆ ತಳ್ಳುತ್ತೇನೆ" ಎಂದು ತಣ್ಣನೆಯ ದನಿಯಲ್ಲಿ ಹೇಳಿ, ನಗದೆ ನಿಂತಿರುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳ ಚೀಲಕ್ಕೆ ಒಂದೇ ಒಂದು ಕೊಳೆತ ಈರುಳ್ಳಿ ಬಿದ್ದದ್ದಿಲ್ಲ.

ಇದಕ್ಕೆಲ್ಲ ಕಾರಣ ಒಂದು ರೇಡಿಯೋ ಧಾರಾವಾಹಿ. 'ದೂರದ ಬಂದರು' ಅಂತ ಅದರ ಹೆಸರು. ವಾರಕ್ಕೊಮ್ಮೆ, ಅರ್ಧ ಗಂಟೆ. ನೆಲೆ ಕಳೆದುಕೊಂಡ ಒಂದಿಷ್ಟು ಜನರನ್ನು ಹೊತ್ತು ನಕ್ಷತ್ರಗಳ ನಡುವೆ ಅಲೆಯುವ ಒಂದು ನೌಕೆಯ ಕಥೆ. ಅದನ್ನು ಬರೆದವನು, ಮಾಡಿಸಿದವನು, ಕೊನೆಗೆ ಕತ್ತರಿಸಿ ಜೋಡಿಸಿ ಒಪ್ಪ ಮಾಡಿದವನು ಎಲ್ಲ ಒಬ್ಬನೇ, ಅಕ್ಕನ ತಮ್ಮ. ಆಕಾಶವಾಣಿಯವರು ಅವನನ್ನು ಕಥೆಗಾರ ಎಂದು ಕರೆಯುತ್ತಿದ್ದರು. ಅಕ್ಕ ಮಾತ್ರ, ಅವನಿಗೆ ಐವತ್ತು ದಾಟಿ ತಲೆ ಬೋಳಾದ ಮೇಲೂ, ಪುಟ್ಟ ಎಂದೇ ಕರೆಯುತ್ತಿದ್ದಳು. ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ಒಂದೇ ಮನೆ, ಒಂದೇ ಅಡಿಗೆ, ಜಗಳವೂ ಹೆಚ್ಚುಕಡಿಮೆ ಒಂದೇ.

ನೌಕೆಗೂ ಮಾತು ಬರುತ್ತಿತ್ತು, ಆ ಮಾತು ಅಕ್ಕನದು. ಕೇಳಿದವರಿಗೆ ಮೈ ಜುಮ್ಮೆನ್ನುತ್ತಿತ್ತು, ಯಾಕೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರಣ ಕಥೆಗಾರನ ಒಂದು ಹಟ. ಮನುಷ್ಯರು ಉಸಿರಾಡುತ್ತಾರೆ, ನೌಕೆಗೆ ಉಸಿರಿಲ್ಲ. ಆದ್ದರಿಂದ ಪ್ರತಿ ಧ್ವನಿಮುದ್ರಣ ಮುಗಿದ ಮೇಲೆ ಅವನು ಒಬ್ಬನೇ ಕೂತು, ಅಕ್ಕನ ಮಾತುಗಳ ನಡುವೆ ಎಲ್ಲೆಲ್ಲಿ ಉಸಿರು ಕೇಳಿಸುತ್ತದೋ ಅಲ್ಲಲ್ಲಿ ಕತ್ತರಿಸಿ ತೆಗೆಯುತ್ತಿದ್ದ. ಮೊದಮೊದಲು ಟೇಪು, ಬ್ಲೇಡು. ಆಮೇಲೆ ಕಂಪ್ಯೂಟರು ಬಂತು, ಉಸಿರು ಪರದೆಯ ಮೇಲೆ ಸಣ್ಣ ಗುಡ್ಡೆಯಾಗಿ ಕಾಣಿಸತೊಡಗಿತು. ಅವನು ಅಲ್ಲೂ ಬಿಡಲಿಲ್ಲ. "ಒಡಹುಟ್ಟಿದವಳ ಉಸಿರಿಗೇ ಕತ್ತರಿ ಹಾಕೋನು ನನ್ನ ತಮ್ಮ ಒಬ್ನೇ ನೋಡಿ" ಎಂದು ಅಕ್ಕ ಎಲ್ಲರೆದುರು ಅವನ ಕಾಲೆಳೆಯುತ್ತಿದ್ದಳು.

ಧಾರಾವಾಹಿ ಹನ್ನೊಂದು ವರ್ಷ ನಡೆಯಿತು. ಪ್ರಸಾರವಾದ ಕೊನೆಯ ಕಂತಿನಲ್ಲಿ ಕ್ಯಾಪ್ಟನ್ ಮತ್ತು ಅವನ ಜನರೆಲ್ಲ ನೀರು ಹುಡುಕಲು ಚಿಕ್ಕ ದೋಣಿಗಳಲ್ಲಿ ಒಂದು ಗ್ರಹಕ್ಕೆ ಇಳಿಯುತ್ತಾರೆ. ನೌಕೆ ಒಂಟಿಯಾಗಿ ಮೇಲೆ ಉಳಿಯುತ್ತದೆ. "ಹೋಗಿ ಬನ್ನಿ. ನಾನು ಇಲ್ಲೇ ಇರುತ್ತೇನೆ" ಎನ್ನುತ್ತದೆ. ಮುಂದಿನ ಕಂತಿನಲ್ಲಿ ಅವರು ಮೂರು ದಿನಕ್ಕೆ ವಾಪಸು ಬರಬೇಕಿತ್ತು. ಅದನ್ನೂ ಬರೆದು ಇಟ್ಟಾಗಿತ್ತು. ಆದರೆ ಆ ವಾರ ಅಕ್ಕ ಮೈಕಿನ ಮುಂದೆ ಕೆಮ್ಮಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಕರವಸ್ತ್ರದಲ್ಲಿ ರಕ್ತ ಕಾಣಿಸಿತು. ಆಸ್ಪತ್ರೆಯಲ್ಲಿ ಒಂದು ಕಡೆಯ ಶ್ವಾಸಕೋಶದ ಬಹುಪಾಲನ್ನು ತೆಗೆದರು. ಜೀವ ಉಳಿಯಿತು. ದನಿ ಮಾತ್ರ ಮೊದಲಿನದಾಗಿ ಉಳಿಯಲಿಲ್ಲ. ನಾಲ್ಕು ಮಾತಿಗೊಮ್ಮೆ ನಿಂತು, ಕೊಡ ಎತ್ತುವವರ ಹಾಗೆ ಉಸಿರು ಎಳೆದುಕೊಳ್ಳಬೇಕಾಗಿತ್ತು.

ಮನೆಗೆ ಬಂದ ಮೇಲೆ ಮೊದಲ ಸಲ ತರಕಾರಿ ಅಂಗಡಿಗೆ ಹೋಗಿ "ಅರ್ಧ" ಎಂದಳು, ಉಸಿರು ಎಳೆದುಕೊಂಡಳು, "ಕೇಜಿ" ಎಂದಳು. ಅಂಗಡಿಯವನ ಮುಖ ಸಣ್ಣಗಾಯಿತು. "ಬೇಡಕ್ಕ, ಮಾತಾಡಿ ಆಯಾಸ ಮಾಡ್ಕೋಬೇಡಿ. ಕೈ ತೋರ್ಸಿ, ಸಾಕು" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಂದಿನಿಂದ ಅಕ್ಕ ಅಂಗಡಿಗಳಲ್ಲಿ ಬೆರಳು ತೋರಿಸಿ ಸಾಮಾನು ತರುವವಳಾದಳು.

ಬೇರೆ ದನಿ ಹುಡುಕಿ ಮುಂದುವರಿಸಿ ಎಂದು ಆಕಾಶವಾಣಿಯವರು ದುಂಬಾಲು ಬಿದ್ದರು. ಕಥೆಗಾರ ಜಪ್ಪಯ್ಯ ಎನ್ನಲಿಲ್ಲ. "ಅಕ್ಕನ ದನಿ ಇಲ್ಲದೆ ನೌಕೆ ಇಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದ. ಎಂಥ ತಮ್ಮ, ಎಂಥ ಅಕ್ಕರೆ ಎಂದು ಜನ ಕೊಂಡಾಡಿದರು. ಹೊಗಳಿಕೆ ಯಾರಿಗೆ ಬೇಡ? ಅವನು ಅದನ್ನೂ ಸ್ವೀಕರಿಸಿದ. ಆಮೇಲೆ ಹವಾಮಾನ ವರದಿ, ರೈಲಿನ ವೇಳೆ, ಆರೋಗ್ಯ ಸಲಹೆ ಇಂಥವುಗಳನ್ನು ಕತ್ತರಿಸಿ ಜೋಡಿಸುತ್ತ ದಿನ ನೂಕಿದ. ಮನೆಯಲ್ಲಿ ಹಳೆಯ ಕಂತುಗಳ ಸುದ್ದಿ ಎತ್ತುವ ಹಾಗಿರಲಿಲ್ಲ. ಯಾರಾದರೂ ಬಂದು "ಆಮೇಲೆ ಆ ನೌಕೆ ಏನಾಯ್ತು?" ಎಂದರೆ ಅವನು ಎದ್ದು ಚಹಾ ಮಾಡಲು ಹೋಗುತ್ತಿದ್ದ. ಅಕ್ಕ ಸುಮ್ಮನೆ ಕಿಟಕಿಯಾಚೆ ನೋಡುತ್ತಿದ್ದಳು. ಹೀಗೆ ಎಂಟು ವರ್ಷ ಕಳೆಯಿತು.

ಅಷ್ಟು ಹೊತ್ತಿಗೆ ಆಕಾಶವಾಣಿಗೆ ಹೊಸ ಮುಖ್ಯಸ್ಥೆ ಬಂದಳು. ಕುರ್ಚಿ ಬಿಸಿಯಾಗುವ ಮೊದಲೇ ಕಥೆಗಾರನನ್ನು ಕರೆಸಿದಳು. "ಸರ್, ನಾನು ನಿಮ್ಮ ನೌಕೆ ಕೇಳ್ತಾ ಬೆಳೆದವಳು. ಶಾಲೆ ಹೋಮ್‌ವರ್ಕ್ ಪೂರ್ತಿ ಅದರ ಮುಂದೆ ಕೂತೇ ಮಾಡಿದ್ದು. ಈಗ ನನ್ನ ಮಗಳಿಗೆ ಆ ಕಥೆ ಹೇಳಿದ್ರೆ, ನೌಕೇನ ಒಬ್ಬಳನ್ನೇ ಬಿಟ್ಟು ಯಾಕೆ ಹೋದ್ರು ಅಂತ ಅಳ್ತಾಳೆ. ನಾನೇನು ಹೇಳ್ಲಿ?" ಎಂದಳು. ಧಾರಾವಾಹಿ ಮತ್ತೆ ಶುರುವಾಗಬೇಕು, ಅಕ್ಕನೇ ಮಾಡಿದರೆ ಸಂತೋಷ, ಆಗದಿದ್ದರೆ ಅಕ್ಕನ ದನಿಯನ್ನು ತದ್ವತ್ ಅನುಕರಿಸುವ ಉದ್ಘೋಷಕಿಯೊಬ್ಬಳಿದ್ದಾಳೆ ಎಂದಳು. ಅವಳ ಒಂದು ತುಣುಕನ್ನು ಕೇಳಿಸಿಯೂ ಬಿಟ್ಟಳು.

ಕಥೆಗಾರ ಮುಂದಕ್ಕೆ ಬಾಗಿ ಕೇಳಿದ. ಅದು ಅಕ್ಕನೇ, ಎಂಟು ವರ್ಷದ ಹಿಂದಿನ ಅಕ್ಕ. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಸೆ. ಇನ್ನೊಮ್ಮೆ ಕೇಳಿಸಿ ಎಂದ.

ಮನೆಗೆ ಬಂದು ಅವನು ಈ ವಿಷಯದ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಆದರೆ ಗುಟ್ಟು ಮುಚ್ಚಿಡುವುದಕ್ಕೆ ಕ್ಯಾಪ್ಟನ್ ಬಿಡಬೇಕಲ್ಲ. ಕ್ಯಾಪ್ಟನ್ ಎಂದರೆ ಆ ಪಾತ್ರ ಮಾಡುತ್ತಿದ್ದ ನಟ. ಈಗ ಹೊಟ್ಟೆ ಬಂದಿತ್ತು, ಮಂಡಿ ನೋವು, ಎರಡು ಮೆಟ್ಟಿಲು ಹತ್ತಿದರೆ ಒಂದು ಕಡೆ ಕೂರಬೇಕು. ಬಾಯಿ ಮಾತ್ರ ಹಾಗೇ ಇತ್ತು. ಮಾರನೆಯ ದಿನವೇ ಮನೆಗೆ ಬಂದು "ಏನಕ್ಕ, ಮತ್ತೆ ಹಾರೋಣ್ವಾ?" ಎಂದುಬಿಟ್ಟ. ಕಥೆಗಾರ ಅವನಿಗೆ ಕಣ್ಣುಸನ್ನೆ ಮಾಡಿದ. ಕ್ಯಾಪ್ಟನ್ ಕನ್ನಡಕ ಮರೆತು ಬಂದಿದ್ದ. ಮುಖ್ಯಸ್ಥೆ ತನಗೆ ಫೋನಿನಲ್ಲಿ ಹೇಳಿದ್ದನ್ನೆಲ್ಲ, ಆ ಉದ್ಘೋಷಕಿಯ ಸುದ್ದಿಯನ್ನೂ ಸೇರಿಸಿ, ಒದರಿಬಿಟ್ಟ.

ಅವನು ಹೋದ ಮೇಲೆ ಅಕ್ಕ ಚಹಾದ ಲೋಟಗಳನ್ನು ತೊಳೆದಿಟ್ಟಳು. ಕೈ ಒರೆಸಿಕೊಂಡಳು.

"ನನಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಆಯಾಸ ಆಗುತ್ತೆ ಅಂತ…"

"ಸುಳ್ಳು." ಅವಳು ಕುರ್ಚಿಯ ಬೆನ್ನು ಹಿಡಿದು ಉಸಿರು ಎಳೆದುಕೊಂಡಳು. "ನೀನು ನನಗೋಸ್ಕರ… ನಿಲ್ಲಿಸ್ಲಿಲ್ಲ ಪುಟ್ಟ. ಆ ಹಳೇ ದನಿಗೋಸ್ಕರ… ನಿಲ್ಲಿಸಿದೆ. ಅವಳು ಹೋದ್ಲು ಕಣೋ. ನಾನು… ಇದ್ದೀನಿ. ಇಲ್ಲೇ ಅಡಿಗೆಮನೇಲಿ… ಇದ್ದೀನಿ. ನೀನು ಎಂಟು ವರ್ಷದಿಂದ… ಅವಳಿಗೆ ಶೋಕ ಮಾಡ್ತಾ ಕೂತಿದ್ದೀಯ. ನನ್ನ ಮುಂದೇನೇ."

ಅಕ್ಕರೆಯ ತಮ್ಮ ಎಂದು ಊರೆಲ್ಲ ಹೊಗಳಿದ್ದು ಅವನ ಕಿವಿಯಲ್ಲಿ ಕೀಟಲೆ ಮಾಡಿದಂತೆ ಕೇಳಿಸಿತು. ನಾಚಿಕೆಯಾಯಿತು. ನಿಜಕ್ಕೂ ಅವನು ಅಕ್ಕ ಮಾತಾಡುವಾಗ ರೇಡಿಯೋ ಹಾಕುತ್ತಿದ್ದ, ನಲ್ಲಿ ಬಿಡುತ್ತಿದ್ದ, ಪೇಪರು ಮಡಚುತ್ತಿದ್ದ. ಆ ಉಸಿರೆಳೆತ ಕೇಳಲಾಗದೆ.

"ನಾನು ಮಾಡ್ತೀನಿ" ಎಂದಳು ಅಕ್ಕ. "ಆಗ್ಲಿಲ್ಲ ಅಂದ್ರೆ… ಆ ಹುಡುಗಿಗೆ ಕೊಡು. ಆದ್ರೆ ನಾನು… ಸೋತ ಮೇಲೆ ಕೊಡು. ಮೊದ್ಲೇ ಅಲ್ಲ."

ಧ್ವನಿಮುದ್ರಣಕ್ಕೆ ಆ ವಾರವೇ ದಿನ ಗೊತ್ತಾಯಿತು. ಕಥೆಗಾರ ಕಪಾಟಿನಿಂದ ಹಳೆಯ ಕಂತನ್ನೇ ತೆಗೆದ. ಎಂಟು ವರ್ಷದ ಹಿಂದೆ ಬರೆದಿಟ್ಟದ್ದು, ಜನ ಮೂರು ದಿನಕ್ಕೆ ವಾಪಸು ಬರುವ ಕಂತು. ನಿಂತಲ್ಲಿಂದಲೇ ಶುರುವಾದರೆ ನಡುವೆ ಏನೂ ಆಗಿಲ್ಲ ಎನ್ನುವಂತಾಗುತ್ತದೆ ಎಂಬುದು ಅವನ ಲೆಕ್ಕಾಚಾರ. ಬುದ್ಧಿವಂತನೇ, ಆದರೆ ಕೆಲವು ಸಲ ಬುದ್ಧಿ ಎಲ್ಲಿ ಮೇಯಲು ಹೋಗಿರುತ್ತದೋ ಗೊತ್ತಿಲ್ಲ.

ಸ್ಟುಡಿಯೋ ಬದಲಾಗಿರಲಿಲ್ಲ. ಗೋಡೆಗೆ ಅದೇ ತೂತುತೂತಿನ ಹಲಗೆ, ನೆಲಕ್ಕೆ ಅದೇ ಸವೆದ ಕಾರ್ಪೆಟ್ಟು, ಬಾಗಿಲ ಮೇಲೆ ಅದೇ ಕೆಂಪು ದೀಪ. ಅಕ್ಕ ತನ್ನ ಜಾಗದಲ್ಲಿ ನಿಂತಳು. ಕುರ್ಚಿ ಕೊಟ್ಟರೆ ಬೇಡವೆಂದಳು. ಕ್ಯಾಪ್ಟನ್ ಎದುರಿನ ಮೈಕಿಗೆ ಹೊಟ್ಟೆ ತಾಗದಂತೆ ಓರೆಯಾಗಿ ನಿಂತ. ಕಥೆಗಾರ ಗಾಜಿನಾಚೆಯ ಕೋಣೆಯಲ್ಲಿ ಕೂತು ಕೈ ಎತ್ತಿದ.

ಅಕ್ಕ ಓದಿದಳು. ಉಸಿರು ಸಿಕ್ಕಿಕೊಂಡಲ್ಲಿ ನಿಂತಳು, ಮತ್ತೆ ಓದಿದಳು. ಕ್ಯಾಪ್ಟನ್ "ಯಾಕೆ ಹೀಗೆ ಮಂಕಾಗಿದ್ದೀಯ ನೌಕೆ? ಮೂರೇ ದಿನ ತಾನೇ ನಾವು ಹೋಗಿದ್ದು?" ಎಂದಾಗ ಅವಳು ಹಾಳೆಯಲ್ಲಿದ್ದ ಉತ್ತರವನ್ನು ಓದಲಿಲ್ಲ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಏನೋ ಅಂದಳು. ಕಥೆಗಾರ ಅದನ್ನು ತಪ್ಪೆಂದು ಗುರುತು ಹಾಕಿಕೊಂಡು, ಕೈಸನ್ನೆ ಮಾಡಿ ಆ ಜಾಗವನ್ನು ಮತ್ತೊಮ್ಮೆ ಓದಿಸಿದ.

ಎಲ್ಲ ಮುಗಿದ ಮೇಲೆ ಅವನು ಎಂದಿನ ಹಾಗೆ ಒಬ್ಬನೇ ಕೂತ, ಎಂದಿನ ಕೆಲಸವನ್ನೇ ಮಾಡಿದ. ನೌಕೆಗೆ ಉಸಿರಿಲ್ಲ. ಪರದೆಯ ಮೇಲೆ ಮೊದಲು ಅಲ್ಲೊಂದು ಇಲ್ಲೊಂದು ಇರುತ್ತಿದ್ದ ಗುಡ್ಡೆಗಳು ಈಗ ಉದ್ದಕ್ಕೂ ಎದ್ದು ನಿಂತಿದ್ದವು. ಒಂದೊಂದನ್ನೂ ಹುಡುಕಿ ಕತ್ತರಿಸಿದ. ಹಳೆಯ ಚಾಳಿ, ಕೈ ತಾನಾಗಿಯೇ ಓಡಿತು. ಅಕ್ಕ ತಪ್ಪು ಓದಿದ ಜಾಗವನ್ನೂ ತೆಗೆದ. ನಂತರ ಮುಖ್ಯಸ್ಥೆಯನ್ನು ಕರೆದು ಕೇಳಿಸಿದ.

ಅವಳು ಕೊನೆಯವರೆಗೂ ಕೇಳಿದಳು. ಮುಖದಲ್ಲಿ ಮರ್ಯಾದೆ ಇತ್ತು, ಅದೇ ಕಷ್ಟದ್ದು. "ಸರ್, ಬೇಜಾರು ಮಾಡ್ಕೋಬೇಡಿ. ಮಾತೆಲ್ಲ ತುಂಡು ತುಂಡಾಗಿ ಕೇಳ್ಸುತ್ತೆ. ಪೆಟ್ಟಿಗೆಯೊಳಗೆ ಗಾಜು ಅಲ್ಲಾಡಿಸಿದ ಹಾಗೆ. ನಾಳೆ ಬೆಳಿಗ್ಗೆ ಆ ಹುಡುಗೀನ ಕರೆಸ್ಲಾ?" ಎಂದಳು. ಅವನು ಹೂಂ ಎಂದ.

ಹೊರಗೆ ಬೆಂಚಿನ ಮೇಲೆ ಅಕ್ಕ ಮತ್ತು ಕ್ಯಾಪ್ಟನ್ ಕಾಯುತ್ತಿದ್ದರು. ತಮ್ಮನ ಮುಖ ನೋಡಿಯೇ ಅಕ್ಕನಿಗೆ ಗೊತ್ತಾಯಿತು. ಅವಳು ಅಳಲಿಲ್ಲ. "ಕೇಳ್ಸು ನೋಡೋಣ" ಎಂದಳು.

"ಬೇಡಕ್ಕ."

"ಸೋತಿದ್ದು… ಹೇಗೆ ಅಂತಾದ್ರೂ ನೋಡ್ಬೇಡ್ವಾ? ಕೇಳ್ಸು."

ಮೂವರೂ ಆ ಇಕ್ಕಟ್ಟಿನ ಕೋಣೆಯಲ್ಲಿ ಕೂತರು. ಅಕ್ಕ ಕಣ್ಣು ಮುಚ್ಚಿ ಅರ್ಧದವರೆಗೆ ಕೇಳಿ, ಕೈ ಎತ್ತಿ ನಿಲ್ಲಿಸಿದಳು. "ಇದ್ಯಾರು?" ಎಂದಳು. "ನಾನು ಇಷ್ಟು ಕೆಟ್ಟದಾಗಿ… ಮಾತಾಡಿಲ್ಲ. ಎರಡು ಮಾತಿನ ಮಧ್ಯೆ… ನಾನೇ ಇಲ್ವಲ್ಲೋ. ಎಲ್ಲಿ ಹಾಕಿದೆ ನನ್ನ?"

"ತೆಗೆದೆ. ಯಾವಾಗ್ಲೂ ತೆಗೀತಿದ್ನಲ್ಲ."

"ಆಗ ಬಿಡು, ಅದು ಇಷ್ಟಿಷ್ಟು. ಈಗ ಅದೇ… ಜಾಸ್ತಿ ಇರೋದು. ಅದನ್ನ ತೆಗೆದ್ರೆ… ಉಳಿಯೋದೇನು? ಕತ್ತರಿಸದೇ ಇರೋದನ್ನ ಹಾಕು."

ಅವನಿಗೆ ಇಷ್ಟವಿರಲಿಲ್ಲ. ಆದರೂ ಹಾಕಿದ. ಈ ಸಲ ಬಿಡಲು ನಲ್ಲಿ ಇರಲಿಲ್ಲ, ಮಡಚಲು ಪೇಪರು ಇರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಅವನು ಅಕ್ಕನ ಉಸಿರನ್ನು ಪೂರ್ತಿಯಾಗಿ ಕೇಳಿಸಿಕೊಂಡ. ಒಂದೊಂದು ಉಸಿರಾದ ಮೇಲೂ ಮುಂದಿನ ಮಾತು ಬರುತ್ತದೋ ಇಲ್ಲವೋ ಎಂದು ಕಾಯಬೇಕಾಗುತ್ತಿತ್ತು. ಬಂದಾಗ, ಎಷ್ಟು ಸಾಮಾನ್ಯ ಮಾತಾದರೂ, ಅದಕ್ಕೊಂದು ತೂಕ ಇರುತ್ತಿತ್ತು. ಕ್ಯಾಪ್ಟನ್ ತನ್ನ ದೊಡ್ಡ ಕೈಗಳನ್ನು ಮಂಡಿಯ ಮೇಲಿಟ್ಟು ಅಲ್ಲಾಡದೆ ಕೂತಿದ್ದ.

ಅಕ್ಕ ತಪ್ಪು ಓದಿದ ಜಾಗ ಬಂತು. "ಮೂರೇ ದಿನ ತಾನೇ ನಾವು ಹೋಗಿದ್ದು?" ಎಂದು ಸ್ಪೀಕರಿನಲ್ಲಿ ಕ್ಯಾಪ್ಟನ್ ಕೇಳಿದ. ಮೌನ. ಎಳೆದುಕೊಂಡ ಒಂದು ಉದ್ದ ಉಸಿರು. ಮತ್ತೆ ಮೌನ. ಆಮೇಲೆ ನೌಕೆ ಅಂದಿತು, "ಮೂರು ದಿನ… ಅಲ್ಲ."

ಕ್ಯಾಪ್ಟನ್ ಕಣ್ಣು ಒರೆಸಿಕೊಂಡ. "ಅಯ್ಯೋ" ಎಂದ. "ಎಷ್ಟು ವರ್ಷ ಒಬ್ಬಳನ್ನೇ ಬಿಟ್ಟುಬಿಟ್ವಿ ಇವಳನ್ನ."

ಅಷ್ಟು ಸುಲಭದ ವಿಷಯ ಕಥೆಗಾರನ ತಲೆಗೆ ಹೊಳೆದಿರಲಿಲ್ಲ. ಎಂಟು ವರ್ಷ ಕಳೆದದ್ದು ಅವನೊಬ್ಬನಿಗೇ ಅಲ್ಲ. ಕ್ಯಾಪ್ಟನ್ನನಿಗೆ ಮಂಡಿ ನೋವು ಬಂದಿತ್ತು, ಕೇಳುತ್ತ ಬೆಳೆದ ಹುಡುಗಿ ಮುಖ್ಯಸ್ಥೆಯಾಗಿದ್ದಳು. ಹಾಗಿದ್ದರೆ ಆ ನೌಕೆಗೆ ಮಾತ್ರ ಮೂರು ದಿನ ಹೇಗೆ? ಎಲ್ಲರೂ ಕಾದಷ್ಟೂ ಕಾಲ ಅದೂ ಅಲ್ಲೇ ಕತ್ತಲಲ್ಲಿ ಕಾದಿದೆ. ಅವನು ಬರೆಯದೆ ಬಿಟ್ಟ ಎಂಟು ವರ್ಷ ಖಾಲಿಯಾಗಿರಲಿಲ್ಲ. ಅವನು ಕೂತು ಬರೆದಿದ್ದರೂ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ.

ಅವನು ಹಳೆಯ ಕಂತಿಗೆ ಅಲ್ಲೇ ಅಡ್ಡಗೆರೆ ಎಳೆದ. ಹಾಳೆಗಳ ಹಿಂಬದಿ ಖಾಲಿ ಇತ್ತು, ಅದರ ಮೇಲೇ ಬರೆಯತೊಡಗಿದ. ಜನ ದೋಣಿಗಳಲ್ಲಿ ಹಿಂತಿರುಗುತ್ತಾರೆ. ಗ್ರಹದಲ್ಲಿ ಸಿಕ್ಕಿಕೊಂಡು ಎಂಟು ವರ್ಷ ಕಳೆದಿದೆ. ಕ್ಯಾಪ್ಟನ್ ಮುದುಕನಾಗಿದ್ದಾನೆ, ಏಣಿ ಹತ್ತಲು ಕಷ್ಟಪಡುತ್ತಾನೆ. ("ಅದಕ್ಕೆ ನಟನೆ ಬೇಕಿಲ್ಲ" ಎಂದ ಕ್ಯಾಪ್ಟನ್.) ನೌಕೆಯೊಳಗೆ ಕತ್ತಲು. ದೂರದಲ್ಲಿ ಯಾರೋ ಉಸಿರಾಡುತ್ತಿದ್ದಾರೆ.

ಅಲ್ಲಿಗೆ ಬಂದು ಅವನ ಪೆನ್ನು ನಿಂತಿತು. "ಯಂತ್ರ ಯಾಕೆ ಉಸಿರಾಡುತ್ತೆ ಅಂತ ಜನ ಕೇಳ್ತಾರಲ್ಲಕ್ಕ. ನಾನೇ ಹನ್ನೊಂದು ವರ್ಷ, ಉಸಿರಿಲ್ಲ ಉಸಿರಿಲ್ಲ ಅಂತ ನಂಬಿಸಿದ್ದೀನಿ. ಏನು ಹೇಳೋದು?"

ಅಕ್ಕ ನೀರು ಕುಡಿಯುತ್ತಿದ್ದಳು. ಲೋಟ ಕೆಳಗಿಟ್ಟಳು. ಅವಳ ಮುಖದಲ್ಲಿ ಈರುಳ್ಳಿ ಅಂಗಡಿಯ ಆ ಹಳೆಯ ತುಂಟತನ ಇಣುಕಿತು.

"ಎಲ್ರೂ ಇಳಿದು ಹೋದ್ರಲ್ಲ" ಎಂದಳು. "ಒಳಗೆ ಅಷ್ಟು ಜನರ… ಗಾಳಿ ಉಳಿದಿತ್ತು. ಸುಮ್ನೆ ಯಾಕೆ… ಹಾಳಾಗ್ಬೇಕು ಅಂತ… ಉಸಿರಾಡೋದು ಕಲ್ತೆ."

ಅವನು ಅದನ್ನು ಅವಳು ಹೇಳಿದ ಹಾಗೇ ಬರೆದುಕೊಂಡ. ಬರೆಯುವಾಗ ಅಕ್ಷರ ಕಾಣದಂತೆ ಕಣ್ಣು ಮಂಜಾಯಿತು. ಅಕ್ಕ ನೋಡಿದಳು, ನೋಡದವಳ ಹಾಗೆ ಕೂತಳು.

ಮರುದಿನ ಬೆಳಿಗ್ಗೆ ಆ ಉದ್ಘೋಷಕಿ ಬಂದಿದ್ದಳು, ಪಾಪ, ಅಚ್ಚುಕಟ್ಟಾಗಿ ತಲೆ ಬಾಚಿಕೊಂಡು. ಕಥೆಗಾರ ಮುಖ್ಯಸ್ಥೆಗೆ "ಒಂದೇ ಒಂದು ಸಲ, ಆಮೇಲೆ ನಿಮ್ಮಿಷ್ಟ" ಎಂದು ಕೈಮುಗಿದ. ಮುಖ್ಯಸ್ಥೆ, ಉದ್ಘೋಷಕಿ ಇಬ್ಬರೂ ಗಾಜಿನ ಈ ಕಡೆ ನಿಂತು ಹೊಸ ಕಂತಿನ ಧ್ವನಿಮುದ್ರಣ ಕೇಳಿದರು. ಕ್ಯಾಪ್ಟನ್ ಕತ್ತಲಲ್ಲಿ ತಡವರಿಸುತ್ತ ಬಂದ. ಉಸಿರು ಕೇಳಿಸಿತು. "ಯಾರದು ಅಲ್ಲಿ?" ಎಂದ ಕ್ಯಾಪ್ಟನ್, ಬೆದರಿದವನಂತೆ.

"ನಾನೇ" ಎಂದಿತು ನೌಕೆ. ಬಹಳ ಹೊತ್ತಾದ ಮೇಲೆ, "ಬಂದಿರಾ?" ಎಂದಿತು.

ಪರದೆಯ ಮೇಲೆ ಉಸಿರಿನ ಗುಡ್ಡೆ ಎದ್ದು ಬಂದಾಗ ಕಥೆಗಾರನ ಬೆರಳು ತಾನಾಗಿಯೇ ಕಂಪ್ಯೂಟರಿನ ಕತ್ತರಿಸುವ ಕೀಲಿಯ ಕಡೆ ಹೋಯಿತು. ಅವನು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ತೊಡೆಯ ಮೇಲಿಟ್ಟುಕೊಂಡ. ಮುಖ್ಯಸ್ಥೆ ಮೂಗು ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದ ಉದ್ಘೋಷಕಿ ಮೆಲ್ಲಗೆ, "ಇದನ್ನ ನನ್ನ ಕೈಲಿ ಮಾಡೋಕಾಗಲ್ಲ ಮೇಡಂ. ನಾನು ಹಳೇದನ್ನ ಮಾತ್ರ ಮಾಡಬಲ್ಲೆ" ಎಂದಳು. ಆ ಹುಡುಗಿಯ ಮೇಲೆ ಕಥೆಗಾರನಿಗೆ ಗೌರವ ಹುಟ್ಟಿತು.

ಕಂತು ಪ್ರಸಾರವಾದ ಮಾರನೆಯ ದಿನ ಅಕ್ಕ ಚೀಲ ತೆಗೆದುಕೊಂಡು ಹೊರಟಳು. ಕಥೆಗಾರನೂ ಜೊತೆಗೆ ಹೋದ. ಮನೆಯಲ್ಲಿ ಒಬ್ಬನೇ ಕೂತು ಜನ ಏನನ್ನುತ್ತಾರೋ ಎಂದು ಯೋಚಿಸುವ ಧೈರ್ಯ ಅವನಿಗಿರಲಿಲ್ಲ. ತರಕಾರಿ ಅಂಗಡಿಯಲ್ಲಿ ಆಗಲೇ ಜನ ನೆರೆದಿದ್ದರು. ಅಂಗಡಿಯವನು ತಲೆ ಬಗ್ಗಿಸಿ ಯಾರಿಗೋ ಚಿಲ್ಲರೆ ಕೊಡುತ್ತಿದ್ದ. ಅಕ್ಕ ರೂಢಿಯಂತೆ ಈರುಳ್ಳಿಯ ಕಡೆ ಬೆರಳು ಎತ್ತಿದವಳು, ಏನನ್ನಿಸಿತೋ, ಕೈ ಕೆಳಗಿಳಿಸಿದಳು.

"ಅರ್ಧ" ಎಂದಳು. ಉಸಿರು ಎಳೆದುಕೊಂಡಳು.

ಅಂಗಡಿಯವನು ತಲೆ ಎತ್ತಿದ. ಕೂತಿದ್ದವನು ಮೆಲ್ಲಗೆ ಎದ್ದು ನಿಂತ. ತಕ್ಕಡಿಯನ್ನು ಎದೆಗೆ ಹಿಡಿದುಕೊಂಡ. ಬೇಡಕ್ಕ ಎನ್ನಲಿಲ್ಲ, ಕೈ ತೋರಿಸಿ ಎನ್ನಲೂ ಇಲ್ಲ. ಕಾದ. ಹಿಂದೆ ನಿಂತಿದ್ದವರೂ ಮಾತು ನಿಲ್ಲಿಸಿ ಕಾದರು. ಕಥೆಗಾರನೂ ಅವರ ನಡುವೆ ಒಬ್ಬನಾಗಿ ನಿಂತು ಕೇಳಿದ.

"ಕೇಜಿ" ಎಂದಳು ಅಕ್ಕ. ಮತ್ತೊಂದು ಉಸಿರು. "ಈರುಳ್ಳಿ."

ಅವಳು ಹೇಳಿ ಮುಗಿಸುವವರೆಗೂ ಆ ಅಂಗಡಿಯಲ್ಲಿ ಯಾರೂ ಅವಸರ ಮಾಡಲಿಲ್ಲ.